ಕಪ್ಪು ಯಾವುದರ ಬಣ್ಣ? – ವೈರಸ್ ಕಾಯಿಲೆಯ ಬೆನ್ನಿಗೆ ಬರುವ ಶಿಲೀಂಧ್ರ ಸೋಂಕುಗಳನ್ನು ಕುರಿತು ಒಂದು ಸಂವಾದ

ವೈರಸ್ಸಿನಿಂದ ಬಂದ ಶ್ವಾಸಕೋಶದ ಕಾಯಿಲೆ ಇನ್ನೂ ಇಳಿಯದಿರುವಾಗ, ಅಥವಾ ಇಳಿದು ರೋಗಿ ಮನೆ ಸೇರಿದ ಕೆಲವೇ ದಿನಗಳಲ್ಲಿ, ಬೂಷ್ಟಿನ ವರ್ಗಕ್ಕೆ ಸೇರಿದ ಜೀವಿಯೊಂದು ಅದೇ ದೇಹದಲ್ಲಿ ಬೇರೂರಿದರೆ ಅದನ್ನು ಮೇಲುಸೋಂಕು ಎನ್ನಬಹುದು. ಒಂದು ಸೋಂಕು ದೇಹವನ್ನು ಸೊರಗಿಸಿದ ಮೇಲೆ ಅದರ ಮೇಲೆ ಬಂದು ಕೂರುವ ಇನ್ನೊಂದು ಸೋಂಕು ಎಂಬುದು ಅದರ ಅರ್ಥ. 2021ರ ಬೇಸಿಗೆಯಲ್ಲಿ, ಕೋವಿಡ್‌ನ ಎರಡನೆಯ ಅಲೆಯ ಜೊತೆಯಲ್ಲೇ ಭಾರತದಲ್ಲಿ ಹಬ್ಬಿದ ಮ್ಯೂಕರ್‌ಮೈಕೋಸಿಸ್ ಈ ಬಗೆಯದು. ಅದನ್ನೂ ಅದರ ನೆಂಟರನ್ನೂ ಕುರಿತ ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು: ವೈದ್ಯಕೀಯ ಕಾಲೇಜಿನಲ್ಲಿ ಬಹುಕಾಲ ಶಿಲೀಂಧ್ರಶಾಸ್ತ್ರವನ್ನು ಬೋಧಿಸಿದ ಅಧ್ಯಾಪಕರು ಒಬ್ಬರು, ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ನೇಮಕಗೊಂಡಿರುವ ವೈದ್ಯೆ ಇನ್ನೊಬ್ಬರು.

ವೈದ್ಯೆ: ಆ ಬೇಸಿಗೆಯಲ್ಲಿ ಪತ್ರಿಕೆಗಳೂ ಟೀವಿ ವಾಹಿನಿಗಳೂ ಬಳಸಿದ ಹೆಸರು ‘ಬ್ಲ್ಯಾಕ್ ಫಂಗಸ್’, ಕನ್ನಡದಲ್ಲಿ ‘ಕಪ್ಪು ಶಿಲೀಂಧ್ರ’. ಜನರ ಬಾಯಲ್ಲಿ ಇಂದಿಗೂ ಉಳಿದಿರುವುದು ಅದೇ. ಇದು ಬರಿಯ ಆಡುಮಾತಿನ ಸಡಿಲವೋ, ಅಥವಾ ಹೆಸರಿನಿಂದಲೇ ತಿಳಿವಳಿಕೆ ದಾರಿ ತಪ್ಪಿತೋ?

ಅಧ್ಯಾಪಕರು: ದಾರಿ ತಪ್ಪಿತು ಎಂದೇ ಹೇಳಬೇಕಾಗುತ್ತದೆ, ಏಕೆಂದರೆ ಈ ಶಿಲೀಂಧ್ರದ ಎಳೆಗಳಿಗೆ ಕಪ್ಪು ಬಣ್ಣವೇ ಇಲ್ಲ, ಸೂಕ್ಷ್ಮದರ್ಶಕದ ಕೆಳಗೆ ಅವು ಗಾಜಿನಂತೆ ಬಣ್ಣವಿಲ್ಲದೆ ಕಾಣುತ್ತವೆ. ಮ್ಯೂಕರೇಲಿಸ್ ಎಂಬ ಗಣಕ್ಕೆ ಸೇರಿದ ಈ ಜೀವಿಗಳು, ಅವುಗಳಲ್ಲೂ ಮುಖ್ಯವಾಗಿ ರೈಜೋಪಸ್, ರಕ್ತನಾಳದ ಗೋಡೆಯನ್ನು ಭೇದಿಸಿ ಒಳಗೆ ಬೆಳೆಯುವುದರಿಂದ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ರಕ್ತ ಹರಿಯದ ಭಾಗದ ಅಂಗಾಂಶ ಸಾಯುತ್ತದೆ, ಸತ್ತ ಅಂಗಾಂಶ ಕರಿಗಟ್ಟುತ್ತದೆ. ಮೂಗಿನೊಳಗೆ, ಅಂಗುಳಿನ ಮೇಲೆ, ಕಣ್ಣಿನ ಸುತ್ತ ಕಂಡ ಕಪ್ಪು ರೋಗಿಯ ಸತ್ತ ಮಾಂಸದ್ದೇ ಹೊರತು ಶಿಲೀಂಧ್ರದ್ದಲ್ಲ. ಎಳೆಗಳಲ್ಲೇ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಇರುವ ಶಿಲೀಂಧ್ರಗಳು ಬೇರೆಯೇ ಇವೆ, ಅವು ತರುವ ಕಾಯಿಲೆಗಳಿಗೂ ಬೇರೆ ಹೆಸರುಗಳಿವೆ. ಹೆಸರು ಬಣ್ಣದ ಬೆನ್ನು ಹತ್ತಿದ್ದರಿಂದ ಆದದ್ದೇನೆಂದರೆ, ಈರುಳ್ಳಿಯ ಸಿಪ್ಪೆಯ ಮೇಲಿನ ಕಪ್ಪು ಪುಡಿಯನ್ನೂ ಫ್ರಿಜ್ಜಿನ ಬಾಗಿಲಿನ ರಬ್ಬರಿಗೆ ಹತ್ತಿದ ಕಪ್ಪನ್ನೂ ಜನ ಅದೇ ರೋಗದ ಮೂಲವೆಂದು ಹೆದರಿ ಮನೆ ತೊಳೆಯತೊಡಗಿದರು. ಈರುಳ್ಳಿಯ ಮೇಲಿನದು ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಗರ್ ಎಂಬ ಬೇರೊಂದು ಬೂಷ್ಟು. ಕಪ್ಪಿನ ಬೆನ್ನಿಗೆ ‘ಬಿಳಿ ಫಂಗಸ್’, ‘ಹಳದಿ ಫಂಗಸ್’ ಎಂಬ ಸುದ್ದಿಗಳೂ ಹುಟ್ಟಿಕೊಂಡವು. ಕಾಯಿಲೆ ಹೊರಗಿನಿಂದ ಬರುವ ಬಣ್ಣದ ಶತ್ರುವಾಯಿತು, ದೇಹದ ಒಳಗಿನ ಸಕ್ಕರೆಯ ಲೆಕ್ಕ ಮರೆಗೆ ಸರಿಯಿತು.

ವೈದ್ಯೆ: ಹಾಗಾದರೆ ರೈಜೋಪಸ್ ಇರುವುದಾದರೂ ಎಲ್ಲಿ?

ಅಧ್ಯಾಪಕರು: ಎಲ್ಲೆಲ್ಲೂ. ನಾಲ್ಕು ದಿನ ಇಟ್ಟ ಬ್ರೆಡ್ಡಿನ ಮೇಲೆ ಹತ್ತಿಯಂತೆ ಹಬ್ಬಿ, ತುದಿಯಲ್ಲಿ ಸಾಸಿವೆಗಿಂತಲೂ ಎಷ್ಟೋ ಸಣ್ಣ ಕರಿಚುಕ್ಕೆಗಳನ್ನು ಹೊತ್ತು ನಿಲ್ಲುವುದು ಬಹುತೇಕ ಇದೇ ಕುಲ. ಮಲೆನಾಡಿನ ಹಿತ್ತಿಲಲ್ಲಿ ಎಳೆ ಹಲಸಿನ ಮಿಡಿಗಳು ಮೈತುಂಬ ಬೂದು ತುಪ್ಪಳ ಹೊದ್ದು, ಆಮೇಲೆ ಕರ್ರಗಾಗಿ ಕೊಳೆತು ಉದುರುವುದನ್ನು ನೋಡದ ಕೃಷಿಕರಿಲ್ಲ. ಆ ಕೊಳೆರೋಗವೂ ರೈಜೋಪಸ್‌ನದೇ. ಆ ಕರಿಚುಕ್ಕೆಗಳು ಬೀಜಕಗಳ ಚೀಲಗಳು. ಬೀಜಕವೆಂದರೆ ಶಿಲೀಂಧ್ರ ತನ್ನ ಸಂತತಿಯನ್ನು ಹರಡಲು ಗಾಳಿಗೆ ತೂರುವ, ಕಣ್ಣಿಗೆ ಕಾಣದ ಕಣ. ಮಣ್ಣು, ತಿಪ್ಪೆ, ಕೊಳೆಯುವ ಎಲೆ ಇರುವಲ್ಲೆಲ್ಲ ಅವು ತೇಲುತ್ತಿರುತ್ತವೆ, ಬೆಚ್ಚಗಿನ ತೇವದ ಹವೆ ಅವುಗಳಿಗೆ ಹಿಡಿಸುತ್ತದೆ, ಪ್ರತಿಯೊಬ್ಬರೂ ಅವನ್ನು ಉಸಿರಾಡುತ್ತಲೇ ಇರುತ್ತಾರೆ. ಒಬ್ಬರಿಂದ ಒಬ್ಬರಿಗೆ ಈ ಕಾಯಿಲೆ ಅಂಟುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಶಿಲೀಂಧ್ರ ಎಲ್ಲಿಂದ ಬಂತು ಎಂಬುದಲ್ಲ. ಇಷ್ಟು ಕಾಲ ಮೂಗಿನ ಹೊಸ್ತಿಲಲ್ಲೇ ಸಾಯುತ್ತಿದ್ದ ಬೀಜಕ ಆ ಬೇಸಿಗೆಯಲ್ಲಿ ಏಕೆ ಸಾಯಲಿಲ್ಲ ಎಂಬುದು.

ವೈದ್ಯೆ: ಆರೋಗ್ಯವಂತರಲ್ಲಿ ಅದನ್ನು ಕೊಲ್ಲುವುದು ಯಾವುದು, ಕೋವಿಡ್ ರೋಗಿಯಲ್ಲಿ ಅದು ಸೋತದ್ದು ಹೇಗೆ?

ಅಧ್ಯಾಪಕರು: ಒಳಬಂದ ಬೀಜಕವನ್ನು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ನುಂಗಿ ಮೊಳೆಯದಂತೆ ತಡೆಯುತ್ತವೆ, ತಪ್ಪಿಸಿಕೊಂಡು ಮೊಳೆತು ಎಳೆಯಾದದ್ದನ್ನು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಹಾಳುಗೆಡವುತ್ತವೆ. ಅಂಕೆಯಿಲ್ಲದ ಸಕ್ಕರೆ ಕಾಯಿಲೆ ಈ ಎರಡು ಪಡೆಗಳನ್ನೂ ಮಂಕಾಗಿಸುತ್ತದೆ, ಸ್ಟಿರಾಯ್ಡ್ ಔಷಧವೂ ಅದನ್ನೇ ಮಾಡುತ್ತದೆ, ಅಷ್ಟು ಸಾಲದೆಂಬಂತೆ ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ಇನ್ನೊಂದು ಎಳೆ ಕಬ್ಬಿಣದ್ದು. ರಕ್ತದಲ್ಲಿ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಮಧುಮೇಹ ಕೈಮೀರಿ ರಕ್ತ ಆಮ್ಲವಾದಾಗ, ಅಂದರೆ ಕೀಟೋಅಸಿಡೋಸಿಸ್ ಸ್ಥಿತಿಯಲ್ಲಿ, ಆ ಹಿಡಿತ ಸಡಿಲಗೊಂಡು ಕಬ್ಬಿಣ ಶಿಲೀಂಧ್ರದ ಪಾಲಾಗುತ್ತದೆ. ಡಯಾಲಿಸಿಸ್ ರೋಗಿಗಳಿಗೆ ಡಿಫೆರಾಕ್ಸಮಿನ್ ಎಂಬ ಔಷಧ ಕೊಡುತ್ತಿದ್ದ ಕಾಲದಲ್ಲಿ ಅವರಲ್ಲಿ ಮ್ಯೂಕರ್ ಹೆಚ್ಚಾಗಿ ಕಾಣಿಸಿಕೊಂಡಿತ್ತು. ಆ ಔಷಧ ದೇಹದ ಹೆಚ್ಚುವರಿ ಕಬ್ಬಿಣವನ್ನು ಹೆಕ್ಕುತ್ತಿತ್ತು, ರೈಜೋಪಸ್ ಅದನ್ನು ಔಷಧದಿಂದಲೇ ಕಸಿದುಕೊಳ್ಳುತ್ತಿತ್ತು. ಮೂರನೆಯದು ಬಾಗಿಲಿನ ಚಿಲಕದ ವಿಷಯ: ರಕ್ತನಾಳದ ಒಳಪದರದ ಕೋಶಗಳ ಮೇಲೆ ಜಿಆರ್‌ಪಿ78 ಎಂಬ ಪ್ರೋಟೀನಿದೆ, ಶಿಲೀಂಧ್ರ ತನ್ನ ಮೈಮೇಲಿನ ಇನ್ನೊಂದು ಪ್ರೋಟೀನಿನಿಂದ ಅದನ್ನೇ ಹಿಡಿದು ಒಳನುಗ್ಗುತ್ತದೆ, ಸಕ್ಕರೆಯೂ ಕಬ್ಬಿಣವೂ ಏರಿದಷ್ಟು ಆ ಕೋಶಗಳು ಈ ಚಿಲಕವನ್ನು ಹೆಚ್ಚು ಹೆಚ್ಚಾಗಿ ಹೊರಚಾಚುತ್ತವೆ. ಹೀಗೆ ಕಾವಲುಗಾರ ನಿದ್ದೆಹೋಗುವುದೂ, ಆಹಾರ ಸಿಗುವುದೂ, ಬಾಗಿಲು ತೆರೆಯುವುದೂ ಒಂದೇ ಕಾರಣದಿಂದ ಒಟ್ಟಿಗೇ ಆಗುತ್ತವೆ. ಈ ಕಾಯಿಲೆಯ ಭೀಕರತೆ ಇರುವುದು ಈ ಕೂಡುವಿಕೆಯಲ್ಲಿ.

ವೈದ್ಯೆ: ಮಧುಮೇಹಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ, ಸ್ಟಿರಾಯ್ಡ್ ಎಲ್ಲ ದೇಶಗಳಲ್ಲೂ ಬಳಕೆಯಾಯಿತು. ಭಾರತದಲ್ಲಿ ಮಾತ್ರ ಇಷ್ಟೊಂದು ಏಕೆ?

ಅಧ್ಯಾಪಕರು: ಭಾರತದಲ್ಲಿ ಅದು ಕೋವಿಡ್‌ಗೆ ಮೊದಲೂ ಹೆಚ್ಚಾಗಿಯೇ ಇತ್ತು ಎಂಬುದು ಅರ್ಧ ಉತ್ತರ. ಆಸ್ಟ್ರಿಯಾದ ಪಾಲ್ಟೌಫ್ 1885ರಲ್ಲಿ ಮನುಷ್ಯರಲ್ಲಿ ಈ ಕಾಯಿಲೆಯನ್ನು ವಿವರಿಸಿದಂದಿನಿಂದ ಪಾಶ್ಚಾತ್ಯ ದೇಶಗಳಲ್ಲಿ ಇದು ವಿರಳವಾಗಿಯೇ ಉಳಿಯಿತು, ಅಲ್ಲಿ ಇದಕ್ಕೆ ತುತ್ತಾಗುವವರು ಬಹುಮಟ್ಟಿಗೆ ರಕ್ತದ ಕ್ಯಾನ್ಸರಿನ ರೋಗಿಗಳು ಅಥವಾ ಅಂಗಾಂಗ ಕಸಿಯಾದವರು. ಇಲ್ಲಿ ಹಾಗಲ್ಲ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ಅರುಣಾಲೋಕ್ ಚಕ್ರವರ್ತಿ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ದಾಖಲಿಸಿದ ಪ್ರಕಾರ ಭಾರತದ ಮ್ಯೂಕರ್ ರೋಗಿಗಳಲ್ಲಿ ಮುಂದೆ ನಿಲ್ಲುವವರು ಅಂಕೆತಪ್ಪಿದ ಮಧುಮೇಹಿಗಳು; ಈ ದೇಶದಲ್ಲಿ ಹತ್ತು ಲಕ್ಷ ಜನರಲ್ಲಿ ಸುಮಾರು 140 ಮಂದಿಗೆ ಈ ಕಾಯಿಲೆ ಇರಬಹುದೆಂಬ, ಅಂದರೆ ಜಗತ್ತಿನ ಪ್ರಮಾಣಕ್ಕಿಂತ 70 ಪಟ್ಟು ಹೆಚ್ಚೆಂಬ ಅಂದಾಜು ಕೋವಿಡ್‌ಗೆ ಮೊದಲೇ ಪ್ರಕಟವಾಗಿತ್ತು. ಉಳಿದ ಅರ್ಧ ಉತ್ತರವನ್ನು 2021ರ ಜೂನ್ 28ರಂದು ಕೇಂದ್ರ ಸರ್ಕಾರ ಮುಂದಿಟ್ಟ ಅಂಕಿಗಳೇ ಕೊಡುತ್ತವೆ: ಅಂದಿನವರೆಗೆ 40,845 ರೋಗಿಗಳು, 3,129 ಸಾವುಗಳು, ಆ ರೋಗಿಗಳಲ್ಲಿ 34,940 ಮಂದಿಗೆ ಕೋವಿಡ್ ಬಂದಿತ್ತು, 26,187 ಮಂದಿಗೆ ಮಧುಮೇಹವಿತ್ತು, 21,523 ಮಂದಿ ಸ್ಟಿರಾಯ್ಡ್ ಪಡೆದಿದ್ದರು.

ವೈದ್ಯೆ: ಆದರೆ ಸರ್, ಸ್ಟಿರಾಯ್ಡ್ ಜೀವ ಉಳಿಸಿದ ಔಷಧವೂ ಹೌದಲ್ಲವೇ? ಆಮ್ಲಜನಕಕ್ಕಾಗಿ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದಾಗ ಕೈಗೆ ಸಿಗುತ್ತಿದ್ದ, ಕಡಿಮೆ ಬೆಲೆಯ ಒಂದೇ ಆಸರೆಯನ್ನು ಕೊಟ್ಟ ವೈದ್ಯರನ್ನು ಈಗ ತಪ್ಪಿತಸ್ಥರೆನ್ನುವುದು ನ್ಯಾಯವೇ?

ಅಧ್ಯಾಪಕರು: ನ್ಯಾಯವಲ್ಲ, ಮತ್ತು ಅದು ಈ ಮಾತಿನ ಉದ್ದೇಶವೂ ಅಲ್ಲ. ಬ್ರಿಟನ್ನಿನ ರಿಕವರಿ ಅಧ್ಯಯನ 2020ರ ಜೂನ್‌ನಲ್ಲಿ ತೋರಿಸಿದ್ದನ್ನು ಯಾರೂ ಅಲ್ಲಗಳೆಯಲಾಗದು: ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಹೆಚ್ಚೆಂದರೆ 10 ದಿನ, ವೆಂಟಿಲೇಟರಿನಲ್ಲಿದ್ದವರ ಸಾವನ್ನು ಸುಮಾರು ಮೂರನೆಯ ಒಂದು ಭಾಗದಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದನೆಯ ಒಂದು ಭಾಗದಷ್ಟು ತಗ್ಗಿಸಿತು. ಅದೇ ಅಧ್ಯಯನದ ಮೂರನೆಯ ಸಾಲನ್ನು ಓದಿದವರು ಕಡಿಮೆ: ಆಮ್ಲಜನಕ ಬೇಕಿಲ್ಲದ ರೋಗಿಗಳಿಗೆ ಅದರಿಂದ ಲಾಭವಾಗಲಿಲ್ಲ, ಹಾನಿಯ ಸಾಧ್ಯತೆಯೇ ಕಂಡಿತು. ಔಷಧ ಸರಿಯಾದದ್ದೇ, ಪ್ರಮಾಣ ಗೊತ್ತಿದ್ದದ್ದೇ, ಅವಧಿಯೂ ಗೊತ್ತಿದ್ದದ್ದೇ. ಆದರೂ ಜ್ವರದ ಮೊದಲ ದಿನವೇ ಮಾತ್ರೆ ನುಂಗಿದವರಿದ್ದರು, ಹತ್ತು ದಿನಕ್ಕೆಂದು ಬರೆದ ಚೀಟಿಯನ್ನು ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ತೋರಿಸಿ ತಿಂಗಳು ಮುಂದುವರಿಸಿದವರಿದ್ದರು, ಪಕ್ಕದ ಮನೆಯವರಿಗೆ ಗುಣವಾದ ಪಟ್ಟಿಯನ್ನೇ ವಾಟ್ಸಾಪಿನಲ್ಲಿ ತರಿಸಿಕೊಂಡವರೂ ಇದ್ದರು. 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂದರೆ 32 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೋಲೋನ್‌ಗೆ ಸಮ. ಈ ಪರಿವರ್ತನೆಯ ಲೆಕ್ಕ ತಪ್ಪಿ ಹಲವು ಪಟ್ಟು ಕೊಟ್ಟ ಸಂದರ್ಭಗಳೂ ಉಂಟು. 2020ರ ಕೊನೆಯ ನಾಲ್ಕು ತಿಂಗಳಲ್ಲಿ ದೇಶದ 16 ಆಸ್ಪತ್ರೆಗಳ 287 ಮ್ಯೂಕರ್ ರೋಗಿಗಳನ್ನು ಪರಿಶೀಲಿಸಿದ ಅಧ್ಯಯನ, ಕೋವಿಡ್ ರೋಗಿಗಳಲ್ಲಿ ಈ ಸೋಂಕು ತಡವಾಗಿ ಕಾಣಿಸಿಕೊಳ್ಳುವುದಕ್ಕೆ ಸ್ಟಿರಾಯ್ಡ್‌ನ ಅನುಚಿತ ಬಳಕೆಯ ನಂಟಿದೆ ಎಂದು ಗುರುತಿಸಿತು. ಆ ರೋಗಿಗಳು ಆಸ್ಪತ್ರೆಗೆ ಬಂದಾಗ ಎರಡನೆಯ ಅಲೆ ಇನ್ನೂ ಎದ್ದಿರಲಿಲ್ಲ. ಮನಸ್ಸಿಗೆ ನೋವಾಗುವುದು ಇಲ್ಲಿ: ತಿಳಿವಳಿಕೆ ಇತ್ತು, ಅದು ಔಷಧದ ಚೀಟಿಯವರೆಗೆ ಇಳಿದು ಬರಲಿಲ್ಲ.

ವೈದ್ಯೆ: ಸಕ್ಕರೆಯನ್ನು ಪರೀಕ್ಷಿಸಿಯೂ ಮೋಸಹೋದವರು ಇದ್ದಿರಬೇಕು.

ಅಧ್ಯಾಪಕರು: ಬಹಳ ಮಂದಿ, ಮತ್ತು ಅದಕ್ಕೆ ಕಾರಣ ಪರೀಕ್ಷೆಯ ಹೊತ್ತು. ಬೆಳಿಗ್ಗೆ ತೆಗೆದುಕೊಂಡ ಸ್ಟಿರಾಯ್ಡ್ ಸಕ್ಕರೆಯನ್ನು ಮುಖ್ಯವಾಗಿ ಊಟದ ನಂತರ, ಮಧ್ಯಾಹ್ನದಿಂದ ಸಂಜೆಯವರೆಗೆ ಏರಿಸುತ್ತದೆ. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಅದು ಎಷ್ಟೋ ಇಳಿದಿರಬಹುದು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವುದೇ ರೂಢಿಯಾದ್ದರಿಂದ ಬೆರಳು ಚುಚ್ಚಿದ ಯಂತ್ರ ಬೆಳಿಗ್ಗೆ ಏಳಕ್ಕೆ 118 ಎಂದು ತೋರಿಸಿ ಮನೆಯವರನ್ನು ಸಮಾಧಾನಪಡಿಸುತ್ತದೆ, ಅದೇ ಬೆರಳು ಸಂಜೆ ನಾಲ್ಕಕ್ಕೆ 380 ತೋರಿಸಬಲ್ಲದು. ಸಂಜೆ ನಾಲ್ಕಕ್ಕೆ ಯಾರೂ ಚುಚ್ಚಿರುವುದಿಲ್ಲ. ಇದರ ಜೊತೆಗೆ, ತಮಗೆ ಸಕ್ಕರೆ ಕಾಯಿಲೆ ಇದೆಯೆಂದೇ ತಿಳಿಯದವರ ಸಂಖ್ಯೆ ಈ ದೇಶದಲ್ಲಿ ದೊಡ್ಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ರಾಷ್ಟ್ರವ್ಯಾಪಿ ಸಮೀಕ್ಷೆ 2023ರಲ್ಲಿ ಅಂದಾಜಿಸಿದ ಮಧುಮೇಹಿಗಳ ಸಂಖ್ಯೆ 10.1 ಕೋಟಿ. ಮೂಗಿನ ಕರಿ ಹಕ್ಕಳೆಯನ್ನು ತೋರಿಸಲು ಬಂದ ದಿನವೇ ತಮಗೆ ಮಧುಮೇಹವಿರುವುದು ಗೊತ್ತಾದ ರೋಗಿಗಳು ಆ ಬೇಸಿಗೆಯಲ್ಲಿ ವಿರಳವಾಗಿರಲಿಲ್ಲ.

ವೈದ್ಯೆ: ಕೈಗಾರಿಕೆಯ ಆಮ್ಲಜನಕ, ಹ್ಯೂಮಿಡಿಫೈಯರಿನ ಕೊಳಕು ನೀರು, ಸತುವಿನ ಮಾತ್ರೆ, ಬಹುಕಾಲ ಒಗೆಯದ ಮಾಸ್ಕು ಎಂದೆಲ್ಲ ಕಾರಣಗಳನ್ನು ಹೇಳಿದರಲ್ಲ?

ಅಧ್ಯಾಪಕರು: ಅವುಗಳಲ್ಲಿ ಕೆಲವಕ್ಕೆ ಅಲ್ಪಸ್ವಲ್ಪ ಪಾತ್ರ ಇದ್ದೀತು, ಆದರೆ ಸಕ್ಕರೆ ಮತ್ತು ಸ್ಟಿರಾಯ್ಡ್‌ಗಿರುವ ಗಟ್ಟಿ ಸಾಕ್ಷ್ಯದ ಪಕ್ಕದಲ್ಲಿ ನಿಲ್ಲುವಂಥದ್ದು ಯಾವುದಕ್ಕೂ ಇಲ್ಲ, ಆಮ್ಲಜನಕವನ್ನೇ ಪಡೆಯದೆ ಮನೆಯಲ್ಲೇ ಗುಣವಾದವರಿಗೂ ಮ್ಯೂಕರ್ ಬಂದದ್ದನ್ನು ಸಿಲಿಂಡರಿನ ವಾದ ವಿವರಿಸಲಾರದು.

ವೈದ್ಯೆ: ವೈರಸ್ಸಿನ ಬೆನ್ನಿಗೆ ಶಿಲೀಂಧ್ರ ಬರುವುದು ಕೋವಿಡ್‌ನಿಂದಲೇ ಆರಂಭವಾಯಿತೆನ್ನಬಹುದೇ?

ಅಧ್ಯಾಪಕರು: ಇಲ್ಲ, ಅದಕ್ಕೆ ಇನ್‌ಫ್ಲುಯೆಂಜಾದ ಪಾಠ ಮುಂಚೆಯೇ ಇತ್ತು. ಅಲ್ಲಿ ಬಂದದ್ದು ಆಸ್ಪರ್ಜಿಲಸ್. 1729ರಲ್ಲಿ ಇಟಲಿಯ ಪಾದ್ರಿ ಮತ್ತು ಸಸ್ಯಶಾಸ್ತ್ರಜ್ಞ ಮಿಕೇಲಿ ಸೂಕ್ಷ್ಮದರ್ಶಕದಲ್ಲಿ ಅದರ ತಲೆಯನ್ನು ಕಂಡು, ಚರ್ಚಿನಲ್ಲಿ ಪವಿತ್ರಜಲ ಚಿಮುಕಿಸುವ ಉಪಕರಣದ ಆಕಾರವನ್ನು ಹೋಲುತ್ತದೆಂದು ಇಟ್ಟ ಹೆಸರು ಅದು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಏಳು ತೀವ್ರನಿಗಾ ಘಟಕಗಳಲ್ಲಿ ದಾಖಲಾಗಿದ್ದ 432 ಇನ್‌ಫ್ಲುಯೆಂಜಾ ರೋಗಿಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡಾ 19ರಷ್ಟು ಮಂದಿಗೆ ಶ್ವಾಸಕೋಶವನ್ನು ಕೊರೆಯುವ ಆಸ್ಪರ್ಜಿಲಸ್ ಸೋಂಕು ತಗುಲಿತ್ತು, 90 ದಿನಗಳೊಳಗೆ ಅವರಲ್ಲಿ ಅರ್ಧಕ್ಕರ್ಧ ಮಂದಿ ತೀರಿಕೊಂಡಿದ್ದರು. ಅದಕ್ಕಿಂತ ಬೆಚ್ಚಿಸುವ ಅಂಶವೆಂದರೆ, ರೋಗನಿರೋಧಕ ಶಕ್ತಿ ಕುಂದುವ ಬೇರಾವ ಕಾಯಿಲೆಯೂ ಇಲ್ಲದವರಲ್ಲೇ ಶೇಕಡಾ 14ರಷ್ಟು ಮಂದಿಗೆ ಅದು ಬಂದಿತ್ತು. ವೈರಸ್ ಶ್ವಾಸನಾಳದ ಒಳಪದರವನ್ನು ಸುಲಿದುಬಿಡುತ್ತದೆ, ಕಫವನ್ನೂ ಕಣಗಳನ್ನೂ ಮೇಲಕ್ಕೆ ಗುಡಿಸುತ್ತಿದ್ದ ಸೂಕ್ಷ್ಮ ರೋಮಗಳು ಕಳಚುತ್ತವೆ, ಬರಿಮೈಯಾದ ಗೋಡೆಯ ಮೇಲೆ ಬೀಜಕ ಕೂರುತ್ತದೆ. ಕೋವಿಡ್ ರೋಗಿಗಳಲ್ಲೂ ಇದು ನಡೆಯಿತು, ಆದರೆ ಇದನ್ನು ಪತ್ತೆಹಚ್ಚಲು ಶ್ವಾಸಕೋಶಕ್ಕೆ ಕೊಳವೆ ಇಳಿಸಿ ಒಳಗನ್ನು ತೊಳೆದ ದ್ರವದಲ್ಲಿ ಗ್ಯಾಲಕ್ಟೋಮ್ಯಾನನ್ ಎಂಬ, ಆಸ್ಪರ್ಜಿಲಸ್‌ನ ಕೋಶಗೋಡೆಯ ಸಕ್ಕರೆಯನ್ನು ಹುಡುಕಬೇಕಾಗುತ್ತದೆ; ಕೊಳವೆ ಇಳಿಸಿದರೆ ವೈರಸ್ ಗಾಳಿಗೆ ಸಿಡಿಯುತ್ತದೆಂಬ ಭಯದಿಂದ ಆ ಪರೀಕ್ಷೆಯನ್ನೇ ಹಲವೆಡೆ ಕೈಬಿಟ್ಟರು. ಮ್ಯೂಕರ್ ಮುಖದ ಮೇಲೆ ಕಂಡಿತು, ಎಣಿಕೆಗೆ ಸಿಕ್ಕಿತು. ಎದೆಯೊಳಗಿನ ಆಸ್ಪರ್ಜಿಲಸ್ ಎಷ್ಟು ಮಂದಿಯ ಮರಣಪತ್ರದಲ್ಲಿ ಬರಿಯ ‘ಕೋವಿಡ್ ನ್ಯುಮೋನಿಯಾ’ ಎಂದು ದಾಖಲಾಯಿತೋ!

ವೈದ್ಯೆ: ತೀವ್ರನಿಗಾ ಘಟಕಗಳಲ್ಲಿ ಕ್ಯಾಂಡಿಡಾ ಆರಿಸ್ ಎಂಬ ಇನ್ನೊಂದರ ಮಾತೂ ಕೇಳಿಬಂದಿತ್ತು.

ಅಧ್ಯಾಪಕರು: ಅದು ಬೂಷ್ಟಲ್ಲ, ಯೀಸ್ಟ್, ಹಿಟ್ಟು ಹುಳಿ ಬರಿಸುವ ಜೀವಿಗಳ ರೂಪದ್ದು, 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಲ್ಲಿ ಸಿಕ್ಕಿದ್ದರಿಂದ ಆ ಹೆಸರು. ಮಂಚದ ಕಂಬಿ, ರಕ್ತನಾಳಕ್ಕೆ ಚುಚ್ಚಿದ ನಳಿಕೆಗಳ ಮೂಲಕ ಆಸ್ಪತ್ರೆಯೊಳಗೇ ಹರಡುವ ಅದಕ್ಕೆ ಹಲವು ಔಷಧಗಳು ನಾಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಹೊರಡಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಅದನ್ನೂ ಆಸ್ಪರ್ಜಿಲಸ್ ಫ್ಯೂಮಿಗೇಟಸನ್ನೂ ಅತಿ ಗಂಭೀರ ಗುಂಪಿಗೆ ಸೇರಿಸಿತು.

ವೈದ್ಯೆ: ಮ್ಯೂಕರ್‌ಗೆ ಬೇಕಾದ ಆಂಫೊಟೆರಿಸಿನ್-ಬಿ ಎಲ್ಲೂ ಸಿಗದೆ ರೋಗಿಗಳ ಮನೆಯವರು ಚೀಟಿ ಹಿಡಿದು ಊರೂರು ಸುತ್ತಿದ್ದರು. ಅಷ್ಟೊಂದು ಅಭಾವ ಉಂಟಾದದ್ದು ಹೇಗೆ?

ಅಧ್ಯಾಪಕರು: ಲೆಕ್ಕ ಸರಳವಾಗಿದೆ. ವೆನೆಜುವೆಲಾದ ಒರಿನೋಕೊ ನದಿಯ ಬಳಿಯ ಮಣ್ಣಿನ ಜೀವಾಣುವೊಂದರಿಂದ 1950ರ ದಶಕದಲ್ಲಿ ದೊರೆತ ಈ ಔಷಧ ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೋಸ್ಟೆರಾಲನ್ನು ಹಿಡಿದು ಪೊರೆಯನ್ನೇ ತೂತುಮಾಡುತ್ತದೆ. ಮನುಷ್ಯರ ಕೋಶದ ಕೊಲೆಸ್ಟೆರಾಲ್ ಅದಕ್ಕೆ ದಾಯಾದಿಯಂತಿರುವುದರಿಂದ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಆ ಪೆಟ್ಟನ್ನು ತಗ್ಗಿಸಲು ಔಷಧವನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ ಕೊಡುವುದು ಲಿಪೊಸೋಮಲ್ ರೂಪ. ಅದರ ಪ್ರಮಾಣ ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ 5 ಮಿಲಿಗ್ರಾಂ, ಒಂದು ಸೀಸೆಯಲ್ಲಿರುವುದು 50 ಮಿಲಿಗ್ರಾಂ. 60 ಕಿಲೋ ತೂಕದ ಒಬ್ಬರಿಗೆ ದಿನಕ್ಕೆ ಆರು ಸೀಸೆ, ಅದೂ ವಾರಗಟ್ಟಲೆ. ವಿರಳ ಕಾಯಿಲೆಗೆಂದು ತಯಾರಾಗುತ್ತಿದ್ದ ಔಷಧಕ್ಕೆ ಕೆಲವೇ ವಾರಗಳಲ್ಲಿ ಹತ್ತಾರು ಸಾವಿರ ರೋಗಿಗಳು ಎದುರಾದರು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯನ್ನು ಈ ರೋಗಕ್ಕೆಂದು ಮೀಸಲಿಟ್ಟಾಗಲೂ ಹಾಸಿಗೆಗಿಂತ ದೊಡ್ಡ ಚಿಂತೆ ಸೀಸೆಯದಾಗಿತ್ತು. ಆ ಔಷಧದ ಮೇಲಿನ ಜಿಎಸ್‌ಟಿಯನ್ನು ತೆಗೆದದ್ದು 2021ರ ಜೂನ್ 12ರಂದು. ಔಷಧ ದೊರೆತರೂ ಅದೊಂದರಿಂದಲೇ ಗುಣವಾಗದು, ಏಕೆಂದರೆ ರಕ್ತ ಹರಿಯದ ಸತ್ತ ಅಂಗಾಂಶಕ್ಕೆ ರಕ್ತದ ಮೂಲಕ ಹೋಗುವ ಔಷಧ ತಲುಪುವುದಿಲ್ಲ. ಕಿವಿ-ಮೂಗು-ಗಂಟಲು ತಜ್ಞರು ಸತ್ತದ್ದನ್ನೆಲ್ಲ ಕೆರೆದು ತೆಗೆಯಲೇಬೇಕು, ಕೆಲವೊಮ್ಮೆ ಮೇಲ್ದವಡೆಯನ್ನು, ಕೆಲವೊಮ್ಮೆ ಕಣ್ಣನ್ನೇ. ಬದುಕಿ ಉಳಿದು, ಅಂಗುಳಿನ ಜಾಗಕ್ಕೆ ಕೃತಕ ಫಲಕ ಹಾಕಿಕೊಂಡು ಊಟ ಮಾಡಬೇಕಾದವರ ಸಂಕಟ ಸಾವಿನ ಅಂಕಿಗಳಲ್ಲಿ ಕಾಣುವುದಿಲ್ಲ.

ವೈದ್ಯೆ: ಅಂಥ ರೋಗಿ ಮೊದಲು ಬರುವುದು ತಾಲ್ಲೂಕು ಆಸ್ಪತ್ರೆಗೆ. ಅಲ್ಲಿ ಎಂಆರ್‌ಐ ಇರುವುದಿಲ್ಲ, ಶಿಲೀಂಧ್ರತಜ್ಞರೂ ಇರುವುದಿಲ್ಲ. ಏನು ಸಾಧ್ಯ?

ಅಧ್ಯಾಪಕರು: ಒಂದು ಟಾರ್ಚು, ಒಂದು ಸ್ಲೈಡು, ಒಂದು ಗ್ಲೂಕೋಮೀಟರು ಇದ್ದರೆ ಬಹಳಷ್ಟು ಸಾಧ್ಯ. ವೈರಸ್ ಜ್ವರ ಇಳಿದ ಎರಡು ಮೂರು ವಾರಗಳಲ್ಲಿ ಮುಖದ ಒಂದೇ ಬದಿಗೆ ನೋವು ಅಥವಾ ಜೋಮು, ಒಂದೇ ಹೊಳ್ಳೆ ಕಟ್ಟುವುದು, ರಕ್ತ ಬೆರೆತ ಕಂದು ಸಿಂಬಳ, ಇದ್ದಕ್ಕಿದ್ದಂತೆ ಅಲುಗಾಡುವ ಮೇಲುಹಲ್ಲು, ಎರಡೆರಡಾಗಿ ಕಾಣುವುದು, ಜೋತುಬಿದ್ದ ರೆಪ್ಪೆ, ಇವುಗಳಲ್ಲಿ ಒಂದಿದ್ದರೂ ನೆಗಡಿಯೆಂದೋ ಹಲ್ಲುನೋವೆಂದೋ ಕಳುಹಿಸದೆ ಬಾಯಿ ತೆರೆಸಿ ಅಂಗುಳನ್ನೂ ಮೂಗಿನ ಒಳಗನ್ನೂ ಬೆಳಕು ಬಿಟ್ಟು ನೋಡಬೇಕು. ಕಪ್ಪಾಗುವ ಮೊದಲು ಅಂಗಾಂಶ ಬಿಳಿಚಿಕೊಂಡಿರುತ್ತದೆ, ಮುಟ್ಟಿದರೆ ನೋಯುವುದಿಲ್ಲ, ಕೆರೆದರೆ ರಕ್ತ ಬರುವುದಿಲ್ಲ. ಕಪ್ಪಿಗಾಗಿ ಕಾದವರು ತಡಮಾಡಿದರು. ಅಲ್ಲಿಂದ ಕೆರೆದ ಚೂರಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಮಾಂಸ ಕರಗಿ ತಿಳಿಯಾಗುತ್ತದೆ, ಶಿಲೀಂಧ್ರದ ಎಳೆಗಳು ಉಳಿಯುತ್ತವೆ. ಅವು ಅಗಲವಾಗಿ, ಮಡಿಸಿದ ರಿಬ್ಬನ್ನಿನಂತೆ, ಅಡ್ಡಗೋಡೆಗಳು ಇಲ್ಲವೆನ್ನುವಷ್ಟು ಕಡಿಮೆಯಾಗಿ, ಹೆಚ್ಚುಕಡಿಮೆ ಲಂಬಕೋನದಲ್ಲಿ ಕವಲೊಡೆದಿದ್ದರೆ ಮ್ಯೂಕರ್. ಸಪೂರವಾಗಿ, ಬಿದಿರಿನ ಗೆಣ್ಣಿನಂತೆ ಅಡ್ಡಗೋಡೆಗಳೊಡನೆ, 45 ಡಿಗ್ರಿಯಲ್ಲಿ ಕವಲೊಡೆದಿದ್ದರೆ ಆಸ್ಪರ್ಜಿಲಸ್ ಇರಬಹುದು. ಈ ಭೇದ ಬರಿಯ ಪಾಂಡಿತ್ಯವಲ್ಲ: ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರನ್ನು ಏನೂ ಮಾಡುವುದಿಲ್ಲ, ಗ್ಯಾಲಕ್ಟೋಮ್ಯಾನನ್ ಪರೀಕ್ಷೆಯೂ ಮ್ಯೂಕರನ್ನು ತೋರಿಸುವುದಿಲ್ಲ.

ವೈದ್ಯೆ: ಸ್ಲೈಡಿನಲ್ಲಿ ಎಳೆ ಕಂಡರೆ ರೋಗಿಯನ್ನು ಅಂದೇ ಮೆಡಿಕಲ್ ಕಾಲೇಜಿಗೆ ಕಳುಹಿಸುವುದು ಸರಿ. ಮಾದರಿಯನ್ನು ಹೇಗೆ ಕಳುಹಿಸಬೇಕು?

ಅಧ್ಯಾಪಕರು: ಎರಡು ಸೀಸೆಗಳಲ್ಲಿ. ಒಂದು ಚೂರು ಫಾರ್ಮಲಿನ್‌ನಲ್ಲಿ, ಅದು ಅಂಗಾಂಶ ಪರೀಕ್ಷೆಗೆ. ಇನ್ನೊಂದು ಬರಿಯ ಸಲೈನಿನಲ್ಲಿ, ಅದು ಬೆಳೆಸಿ ನೋಡುವುದಕ್ಕೆ, ಏಕೆಂದರೆ ಫಾರ್ಮಲಿನ್‌ಗೆ ಬಿದ್ದ ಶಿಲೀಂಧ್ರ ಮತ್ತೆ ಬೆಳೆಯದು. ಸಲೈನಿನ ಸೀಸೆಯನ್ನು ಫ್ರಿಜ್ಜಿನಲ್ಲಿ ಇಡಬಾರದು. ಮ್ಯೂಕರ್‌ನ ಎಳೆಯಲ್ಲಿ ಅಡ್ಡಗೋಡೆಗಳಿಲ್ಲದ ಕಾರಣ ಒಂದು ಕಡೆ ಜಜ್ಜಿದರೆ ಒಳಗಿನದೆಲ್ಲ ಸೋರಿ ಎಳೆ ಪೂರ್ತಿಯಾಗಿ ಸಾಯುತ್ತದೆ. ಬೇರೆ ಮಾದರಿಗಳನ್ನು ಅರೆದು ಹಾಕುವ ರೂಢಿಯಿರುವ ಪ್ರಯೋಗಾಲಯದವರು ಇದನ್ನೂ ಅರೆದರೆ ಇರುವ ರೋಗವೇ ಇಲ್ಲವೆಂಬ ವರದಿ ಬರುತ್ತದೆ. ಆದ್ದರಿಂದ ಕೋರಿಕೆಯ ಚೀಟಿಯಲ್ಲಿ ‘ಮ್ಯೂಕರ್ ಶಂಕೆ, ಅರೆಯಬೇಡಿ, ಸಣ್ಣಗೆ ಕತ್ತರಿಸಿ’ ಎಂದು ದಪ್ಪಕ್ಷರದಲ್ಲಿ ಬರೆಯಬೇಕು. ಅದರ ಕೆಳಗೆ ರೋಗಿ ಯಾವ ಸ್ಟಿರಾಯ್ಡನ್ನು ಎಷ್ಟು ಮಿಲಿಗ್ರಾಂ, ಎಷ್ಟು ದಿನ ತೆಗೆದುಕೊಂಡರು, ಸಂಜೆಯ ಸಕ್ಕರೆ ಎಷ್ಟಿತ್ತು ಎಂಬುದನ್ನೂ ಬರೆಯಿರಿ. ಅದಕ್ಕೆ ಚೀಟಿಯಲ್ಲಿ ಅಂಕಣವಿಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ.